ನಿಮ್ಮ ಅತ್ತೆ ಹೇಳಿದ್ದು ಎಷ್ಟು ಸರಿ? ‘ಕಾಟನ್’ ಅಂದ್ರೆ ಯಾವ ಕಾಟನ್?

ಪ್ರಶ್ನೆ: ನಾವು ಬಸವನಗುಡಿಯವರು. ಮೊನ್ನೆ ಪೇಟೆ ಕಡೆ ಹೋಗಿದ್ದಾಗ ‘ಗ್ಲೇಸ್ ಕಾಟನ್’ ಬೆಡ್‌ಶೀಟ್, ‘ಸಿಲ್ಕ್ ಕಾಟನ್’ ದಿಂಬು ಒಂದು ಜೊತೆ, ‘ಸಿಲ್ಕ್ ಕಾಟನ್’ ಸೀರೆ ಒಂದು ತಂದೆ. ಹೂಬತ್ತಿಗೆ ಅರಳೆ ಮುಗಿದಿತ್ತು, ಮೆಡಿಕಲ್ ಶಾಪಿನ ಕಾಟನ್ ರೋಲ್‌ನಲ್ಲೇ ಬತ್ತಿ ಮಾಡಿದೆ. ನಮ್ಮ ಅತ್ತೆ ಎಲ್ಲವನ್ನೂ ಮುಟ್ಟಿ ನೋಡಿ, ‘ಇದರಲ್ಲಿ ಒಂದೂ ಹತ್ತಿ ಅಲ್ಲ ಕಣಮ್ಮ, ಚೆನ್ನಾಗಿ ಟೋಪಿ ಹಾಕಿದ್ದಾರೆ’ ಅಂದರು. ಎಲ್ಲದರ ಮೇಲೂ ಕಾಟನ್ ಅಂತಲೇ ಬರೆದಿದೆ. ಯಾರನ್ನು ನಂಬಬೇಕು? ಮನೆಯಲ್ಲೇ ಪರೀಕ್ಷೆ ಮಾಡೋಕೆ ಆಗುತ್ತಾ? (ನನ್ನ ಮಗನದ್ದೂ ಒಂದು ಪ್ರಶ್ನೆ: ಬಿಷಪ್ ಕಾಟನ್ ಸ್ಕೂಲ್ ಇರೋ ಜಾಗದಲ್ಲಿ ಮೊದಲು ಹತ್ತಿ ಬೆಳೀತಿದ್ರಾ?)

ಉತ್ತರ: ನಿಮ್ಮ ಅತ್ತೆಯವರ ಕೈಗೆ ಮೊದಲು ಒಂದು ನಮಸ್ಕಾರ. ನೂಲಿನ ಗಿರಣಿಯ ಪರೀಕ್ಷಾ ಕೋಣೆಯಲ್ಲಿ ಬಹಳ ವರ್ಷ ಕಳೆದವನು ನಾನು, ಮುಟ್ಟಿ ನೋಡಿ ಹೇಳುವವರನ್ನು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ. ಆದರೆ ಈ ಸಲ ಅವರು ಪೂರ್ತಿ ಸರಿಯಲ್ಲ. ಬೆಡ್‌ಶೀಟಿನ ವಿಷಯದಲ್ಲಿ ಬಹುತೇಕ ಸರಿ. ದಿಂಬಿನ ವಿಷಯದಲ್ಲಿ ಸರಿ, ಆದರೆ ಅಂಗಡಿಯವನೂ ಸುಳ್ಳು ಹೇಳಿಲ್ಲ. ಸೀರೆ ಪರೀಕ್ಷೆ ಮಾಡದೆ ಹೇಳುವ ಹಾಗಿಲ್ಲ. ಮೆಡಿಕಲ್ ಶಾಪಿನ ರೋಲ್ ವಿಷಯದಲ್ಲಿ ಮಾತ್ರ ಅತ್ತೆ ತಪ್ಪು, ಇದ್ದುದರಲ್ಲಿ ಅಪ್ಪಟ ಹತ್ತಿ ಅದೇ ಇರಬೇಕು.

ನಮ್ಮ ಊರಿನ ಅಂಗಡಿಗಳಲ್ಲಿ ‘ಕಾಟನ್’ ಅನ್ನೋ ಮಾತು ಒಂದು ವಸ್ತುವಿನ ಹೆಸರಾಗಿ ಉಳಿದಿಲ್ಲ. ಒಬ್ಬರಿಗೆ ಅದು ಗಿಡದ ಹತ್ತಿ, ಇನ್ನೊಬ್ಬರಿಗೆ ಮೆತ್ತಗಿರುವ ಏನಾದರೂ, ಮತ್ತೊಬ್ಬರಿಗೆ ‘ಜರಿ ಇಲ್ಲದ, ದಿನಾ ಉಡುವ ಸೀರೆ’. ಹಾಗಾಗಿ ಚೀಟಿಯ ಮೇಲೆ ಆ ಒಂದು ಪದ ನೋಡಿ ಏನನ್ನೂ ಕೊಳ್ಳಬೇಡಿ. ಮೂರು ವಿಷಯ ಕೇಳಿ: ಯಾವ ನಾರು, ಶೇಕಡಾ ಎಷ್ಟು, ಅದಕ್ಕೆ ಏನು ಮಾಡಿದ್ದಾರೆ.

ಬೆಡ್‌ಶೀಟ್‌ನಿಂದ ಶುರು ಮಾಡೋಣ, ಮೋಸ ಜಾಸ್ತಿ ಇರೋದು ಅಲ್ಲೇ.

‘ಗ್ಲೇಸ್ ಕಾಟನ್’ ಅಂದರೆ ಒಂದು ಕಾಲಕ್ಕೆ ಹೊಳಪು ಕೊಟ್ಟ ಹತ್ತಿ ಬಟ್ಟೆ. ಈಗ ಮಾರುಕಟ್ಟೆಯಲ್ಲಿ ಆ ಹೆಸರಿನಲ್ಲಿ ಸಿಗುವುದು ಹೆಚ್ಚಿನ ಸಲ ಪಾಲಿಯೆಸ್ಟರ್, ಅಥವಾ ಪಾಲಿಯೆಸ್ಟರಿನದೇ ಮೇಲುಗೈ ಇರುವ ಮಿಶ್ರಣ. ‘ಕಾಟನ್ ಫೀಲ್’, ‘ಕಾಟನ್ ಟಚ್’ ಇವೆಲ್ಲ ಇದೇ ಜಾತಿ. ಮುಟ್ಟಿದರೆ ಹತ್ತಿಯ ಹಾಗೆ ಅಂತಷ್ಟೇ ಅವರು ಹೇಳುತ್ತಿರೋದು, ಹತ್ತಿ ಅಂತಲ್ಲ. ಕೊಳ್ಳುವವರು ಅವಸರದಲ್ಲಿ ಮೊದಲ ಪದ ಮಾತ್ರ ಓದುತ್ತಾರೆ. ಅಂಗಡಿಯವರಿಗೆ ಬೇಕಾದ್ದೂ ಅದೇ.

ಇದರಿಂದ ನಿಮಗೇನು ನಷ್ಟ ಅಂದರೆ, ಬೆವರು. ಒಣಗಿದ 100 ಗ್ರಾಂ ಹತ್ತಿಯನ್ನು ಸುಮ್ನೆ ಗಾಳಿಯಲ್ಲಿ ಇಟ್ಟರೆ ಸಾಕು, ಅದು ಸುಮಾರು 8 ಗ್ರಾಂ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಎಳೆದುಕೊಳ್ಳುವುದಿಲ್ಲ. ಏಪ್ರಿಲ್ ತಿಂಗಳ ರಾತ್ರಿ, ಕರೆಂಟ್ ಹೋದಾಗ, ಬೆನ್ನಿಗೆ ಬೆಡ್‌ಶೀಟ್ ಅಂಟಿಕೊಳ್ಳುತ್ತಲ್ಲ, ಅದಕ್ಕೆ ಕಾರಣ ಈ ವ್ಯತ್ಯಾಸ. ಹಾಗಂತ ಪಾಲಿಯೆಸ್ಟರ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಮಕ್ಕಳ ಯೂನಿಫಾರ್ಮಿಗೆ ಮಿಶ್ರ ಬಟ್ಟೆಯೇ ವಾಸಿ. ಬೇಗ ಒಣಗುತ್ತದೆ, ಇಸ್ತ್ರಿ ನಿಲ್ಲುತ್ತದೆ, ಮೊಣಕಾಲು ಬೇಗ ಹರಿಯುವುದಿಲ್ಲ. ನಮ್ಮ ತಂದೆಯ ಕಾಲದವರು ‘ಟೆರಿಕಾಟನ್’ ಪ್ಯಾಂಟ್ ಹೊಲಿಸಿಕೊಂಡರೆ ಊರೆಲ್ಲ ತಿರುಗಿ ನೋಡುತ್ತಿತ್ತು. ಅದು ಟೆರಿಲೀನ್ ಮತ್ತು ಹತ್ತಿಯ ಬೆರಕೆ. ಟೆರಿಲೀನ್ ಅಂದರೆ 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಪಾಲಿಯೆಸ್ಟರ್. ಸಾಮಾನ್ಯ ಅಳತೆ 67ಕ್ಕೆ 33, ಅಂದರೆ ಹೆಸರಿನಲ್ಲಿ ಕಾಟನ್ ಇದ್ದರೂ ಒಳಗೆ ಮೂರನೇ ಒಂದು ಭಾಗ ಮಾತ್ರ. ಆಗ ಯಾರೂ ಮೋಸ ಅನ್ನಲಿಲ್ಲ, ಯಾಕಂದ್ರೆ ಹೆಸರೇ ನಿಜ ಹೇಳುತ್ತಿತ್ತು. ನನ್ನ ತಕರಾರು ಬೆರಕೆಯ ಮೇಲಲ್ಲ, ಬೆರಕೆಯನ್ನು ಮುಚ್ಚಿಡುವ ಹೆಸರಿನ ಮೇಲೆ.

ಈಗ ಪರೀಕ್ಷೆ. ಬೆಡ್‌ಶೀಟಿನ ಅಂಚಿನ ಹೊಲಿಗೆ ಒಂದಿಂಚು ಬಿಚ್ಚಿ, ಬಟ್ಟೆಯದೇ ಒಂದೆರಡು ಎಳೆ ಎಳೆಯಿರಿ. ಹೊಲಿಗೆ ದಾರ ಬೇಡ, ಅದು ಬಹುತೇಕ ಪಾಲಿಯೆಸ್ಟರೇ ಆಗಿರುತ್ತದೆ, ಸುಮ್ನೆ ಗೊಂದಲ. ಎಳೆಯನ್ನು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಅಥವಾ ಸ್ಟೀಲ್ ತಟ್ಟೆಯ ಮೇಲೆ, ಮೇಣದಬತ್ತಿಗೆ ನಿಧಾನವಾಗಿ ಹತ್ತಿರ ತನ್ನಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಂಡಿರಿ, ಮಗುವನ್ನು ದೂರ ಕಳಿಸಿ.

ಹತ್ತಿಯಾಗಿದ್ದರೆ ಬೆಂಕಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಹಳದಿ ಉರಿ, ಕಾಗದ ಸುಟ್ಟ ವಾಸನೆ. ಉರಿ ಆರಿದ ಮೇಲೂ ತುದಿಯಲ್ಲಿ ಕೆಂಪು ಕಿಡಿ ಊದುಬತ್ತಿಯ ತುದಿಯ ಹಾಗೆ ಸ್ವಲ್ಪ ಹೊತ್ತು ಓಡುತ್ತದೆ. ಉಳಿಯೋದು ಬೂದುಬಣ್ಣದ ಹಗುರ ಬೂದಿ, ಬೆರಳಲ್ಲಿ ಉಜ್ಜಿದರೆ ಮಾಯ. ಪಾಲಿಯೆಸ್ಟರ್ ಆಗಿದ್ದರೆ ಬೆಂಕಿ ತಾಗುವ ಮೊದಲೇ ಎಳೆ ಮುದುಡಿಕೊಂಡು ಹಿಂದೆ ಸರಿಯುತ್ತದೆ, ಆಮೇಲೆ ಕರಗುತ್ತದೆ, ಕಪ್ಪು ಹೊಗೆ, ರಾಸಾಯನಿಕದ ಸಿಹಿ ವಾಸನೆ. ತಣ್ಣಗಾದ ಮೇಲೆ ತುದಿಯಲ್ಲಿ ಗಟ್ಟಿ ಮಣಿ, ಉಗುರಿನಿಂದ ಒತ್ತಿದರೂ ಪುಡಿಯಾಗದು. ಕರಗಿ ತೊಟ್ಟಿಕ್ಕುವಾಗ ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ, ಅದಕ್ಕೇ ಚಿಮಟ. ಎರಡೂ ಬೆರೆತಿದ್ದರೆ ಎರಡೂ ಲಕ್ಷಣ ಕಾಣುತ್ತವೆ: ಕಾಗದದ ವಾಸನೆ, ಜೊತೆಗೆ ಬೂದಿಯಲ್ಲಿ ಗಟ್ಟಿ ಹರಳು.

ಈ ಪರೀಕ್ಷೆಗೊಂದು ಕುರುಡು ಜಾಗ ಇದೆ, ಇದನ್ನು ಯಾರೂ ಹೇಳೋದಿಲ್ಲ. ರೇಯಾನ್ ಅಥವಾ ವಿಸ್ಕೋಸ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ, ಅದೇ ವಾಸನೆ, ಹೆಚ್ಚುಕಡಿಮೆ ಅದೇ ಬೂದಿ. ಅದು ಮರದ ತಿರುಳಿನಿಂದ ಮಾಡಿದ ನಾರು. ಹರಿಹರದ ಹತ್ತಿರ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಡದಲ್ಲಿ, ಆ ತಿರುಳು ಮತ್ತು ನಾರು ತಯಾರಿಸುವ ದೊಡ್ಡ ಕಾರ್ಖಾನೆಯೇ ಇದೆ. ಮರವೂ ಹತ್ತಿಯೂ ಮೂಲದಲ್ಲಿ ಸೆಲ್ಯುಲೋಸ್, ಬೆಂಕಿಗೆ ಅವುಗಳ ಭೇದ ಗೊತ್ತಾಗಲ್ಲ. ನೀರಿಗೆ ಗೊತ್ತಾಗುತ್ತದೆ. ಒಂದು ಎಳೆಯನ್ನು ಒಣಗಿದ್ದಾಗ ಎಳೆದು ತುಂಡು ಮಾಡಿ. ಇನ್ನೊಂದನ್ನು ನಡುವೆ ಚೆನ್ನಾಗಿ ಒದ್ದೆ ಮಾಡಿ ಎಳೆಯಿರಿ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿ, ತುಂಡಾಗುವುದಿದ್ದರೂ ಒಣಗಿದ ಜಾಗದಲ್ಲಿ ತುಂಡಾಗುತ್ತದೆ. ವಿಸ್ಕೋಸ್ ಒದ್ದೆಯಾದರೆ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ಒದ್ದೆ ಜಾಗದಲ್ಲೇ ಪಟ್ ಅಂತ ಬಿಡುತ್ತದೆ. ರೇಯಾನ್ ಕುರ್ತಾವನ್ನು ಕಲ್ಲಿಗೆ ಬಡಿದು ಒಗೆಯಬೇಡಿ ಅನ್ನೋದು ಇದಕ್ಕೇ.

ಥ್ರೆಡ್ ಕೌಂಟ್ ಬಗ್ಗೆಯೂ ಒಂದು ಮಾತು. ಒಂದು ಚದರ ಇಂಚಿನಲ್ಲಿ ಅಡ್ಡ ಉದ್ದ ಎರಡೂ ಸೇರಿ ಎಷ್ಟು ಎಳೆ ಅನ್ನೋ ಲೆಕ್ಕ ಅದು. 200ರಿಂದ 400ರ ಒಳಗೆ ಒಳ್ಳೆಯ ಹತ್ತಿ ಸಿಕ್ಕಿದರೆ ಅದು ಒಳ್ಳೆಯ ಬೆಡ್‌ಶೀಟ್. 1000 ಅಂತ ದೊಡ್ಡದಾಗಿ ಬರೆದಿದ್ದರೆ ಒಂದೇ ದಾರದೊಳಗೆ ಹೊಸೆದಿರುವ ಎರಡು ಮೂರು ಎಳೆಗಳನ್ನು ಬೇರೆ ಬೇರೆ ಎಣಿಸಿದ್ದಾರಾ ಅಂತ ಅನುಮಾನ ಪಡಿ.

ಇನ್ನು ದಿಂಬು.

‘ಸಿಲ್ಕ್ ಕಾಟನ್’ ದಿಂಬಿನೊಳಗೆ ರೇಷ್ಮೆಯೂ ಇಲ್ಲ, ಹೊಲದ ಹತ್ತಿಯೂ ಇಲ್ಲ. ಅದು ಬೂರುಗದ ಹತ್ತಿ, ಮರದ ಹತ್ತಿ. ಲಾಲ್‌ಬಾಗಿನಲ್ಲಿ ಆನೆಕಾಲಿನಂಥ ಬೇರುಗಳನ್ನು ಗೋಡೆಯ ಹಾಗೆ ಹರಡಿಕೊಂಡು ನಿಂತಿರುವ ಆ ಭಾರೀ ಹಳೆಯ ಮರ ನೋಡಿದ್ದೀರಲ್ಲ, ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅದೇ ಬಿಳಿ ಬೂರುಗ. ಕೆಂಪು ಹೂ ಬಿಡುವ ಕೆಂಪು ಬೂರುಗ ಇನ್ನೊಂದು. ಬೇಸಗೆಯಲ್ಲಿ ಕಾಯಿ ಒಡೆದು ನಯವಾದ ಅರಳೆ ಗಾಳಿಯಲ್ಲಿ ಹಾರುತ್ತದೆ. ತಮಿಳಿನವರು ಇಲವಂ ಅನ್ನುತ್ತಾರೆ, ನಮ್ಮ ಹಾಸಿಗೆ ಅಂಗಡಿಗಳಲ್ಲೂ ಆ ಹೆಸರು ಓಡಾಡುತ್ತದೆ. ರೇಷ್ಮೆಯ ಹಾಗೆ ನುಣುಪು ಅನ್ನೋ ಕಾರಣಕ್ಕೆ ಇಂಗ್ಲಿಷಿನವರು ಸಿಲ್ಕ್ ಕಾಟನ್ ಅಂದರು, ಹೆಸರು ನಿಂತಿತು. ಹಾಗಾಗಿ ಅಂಗಡಿಯವನು ಮರದ ಹೆಸರು ಹೇಳಿದ, ನಿಮ್ಮ ಅತ್ತೆ ಗಿಡದ ಹತ್ತಿ ಹುಡುಕಿದರು. ಇಬ್ಬರೂ ಸರಿ.

ಬೂರುಗವೂ ಹತ್ತಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ, ಆದರೆ ನಾರು ಹುಟ್ಟುವ ಜಾಗವೇ ಬೇರೆ. ಹೊಲದ ಹತ್ತಿಯಲ್ಲಿ ನಾರು ಬೀಜದ ಮೈಮೇಲೆ ಬೆಳೆಯುತ್ತದೆ, ಅದಕ್ಕೇ ಬೀಜದಿಂದ ಬಿಡಿಸಲು ‘ಜಿನ್’ ಅನ್ನೋ ಯಂತ್ರ ಬೇಕು. ಬೂರುಗದಲ್ಲಿ ಕಾಯಿಯ ಒಳಗೋಡೆಯಿಂದ ಬೆಳೆಯುತ್ತದೆ, ಬೀಜ ಸಡಿಲವಾಗಿ ಕೂತಿರುತ್ತದೆ, ಕೊಡವಿದರೆ ಉದುರುತ್ತದೆ. ಬೂರುಗದ ನಾರು ಪೊಳ್ಳು, ಒಳಗೆಲ್ಲ ಗಾಳಿ, ಮೇಲೆ ಮೇಣದ ಲೇಪ. ಅದಕ್ಕೇ ಅಷ್ಟು ಹಗುರ, ಅದಕ್ಕೇ ನೀರಿನಲ್ಲಿ ತೇಲುತ್ತದೆ. ಎಷ್ಟು ತೇಲುತ್ತದೆ ಅಂದರೆ ಎರಡನೇ ಮಹಾಯುದ್ಧದ ಕಾಲದವರೆಗೂ ಹಡಗಿನವರ ಲೈಫ್ ಜಾಕೆಟ್ಟಿಗೆ ಇದನ್ನೇ ತುಂಬುತ್ತಿದ್ದರು. ಇಷ್ಟೆಲ್ಲ ಇದ್ದೂ ಬೂರುಗದಿಂದ ನೂಲು ತೆಗೆಯೋದು ಬಹಳ ಕಷ್ಟ. ಹತ್ತಿಯ ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಿರುಚಿದ ಪಟ್ಟಿಯ ಹಾಗೆ ಕಾಣುತ್ತದೆ, ಆ ತಿರುಚು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಬೂರುಗದ್ದು ನೆಟ್ಟಗೆ, ನುಣ್ಣಗೆ, ಜಾರುತ್ತದೆ. ನಿಮಗೆ ಪರೀಕ್ಷೆ ಬೇಕಿದ್ದರೆ ಇದೇ ಸುಲಭ. ದಿಂಬಿನ ಮೂಲೆಯಿಂದ ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಬತ್ತಿಯ ಹಾಗೆ ಹೊಸೆಯಿರಿ. ಹೊಲದ ಹತ್ತಿ ದಾರವಾಗಿ ನಿಲ್ಲುತ್ತದೆ. ಬೂರುಗ ಬೆರಳಿಂದ ಜಾರಿ ಮೂಗಿಗೆ ಬರುತ್ತದೆ. ಸೀನು ಬಂದರೆ ಬೂರುಗ ಅಂತಲೇ ಲೆಕ್ಕ!

ಬೂರುಗದ ದಿಂಬನ್ನು ಒಗೆಯಬೇಡಿ, ಬಿಸಿಲಿಗೆ ಹಾಕಿ. ಕೊಳ್ಳುವಾಗ ಒತ್ತಿ ನೋಡಿ, ಒಳಗೆ ಗುಂಡಗೆ ಕಾಳು ಸಿಕ್ಕಿದರೆ ಬೀಜ ಸರಿಯಾಗಿ ತೆಗೆದಿಲ್ಲ, ಹುಳ ಹಿಡಿಯುತ್ತದೆ. ಹತ್ತಿ ದಿಂಬು, ಹತ್ತಿ ಹಾಸಿಗೆ ಆದರೆ ಗಂಟುಗಟ್ಟುತ್ತದೆ, ಮತ್ತೆ ಹಿಂಜಿಸಿದರೆ ಹೊಸದರ ಹಾಗಾಗುತ್ತದೆ. ಪಿಂಜಾರರು ಬಿಲ್ಲು ಹೆಗಲಿಗೆ ಹಾಕಿಕೊಂಡು ಬೀದಿಗೆ ಬರುತ್ತಿದ್ದುದನ್ನು ನಿಮ್ಮ ಅತ್ತೆ ನೋಡಿರುತ್ತಾರೆ, ಕೇಳಿ. ಈಗ ಮಷಿನ್. ಇನ್ನೊಂದು ಎಚ್ಚರಿಕೆ: ‘ಕಾಟನ್ ಹಾಸಿಗೆ’ ತೀರಾ ಅಗ್ಗಕ್ಕೆ ಸಿಕ್ಕಿದರೆ ಮೂಲೆ ಬಿಚ್ಚಿಸಿ ನೋಡಿ. ಬೂದುಬಣ್ಣದ ಅರಳೆ, ಅದರಲ್ಲಿ ಕೆಂಪು ನೀಲಿ ಚುಕ್ಕಿಗಳು, ಚಿಕ್ಕ ಚಿಕ್ಕ ದಾರದ ತುಂಡು ಕಂಡರೆ ಅದು ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ಚಿಂದಿಯನ್ನು ಹಿಂಜಿ ತುಂಬಿದ್ದು. ಅದರಲ್ಲಿ ಹತ್ತಿ ಎಷ್ಟು ಪಾಲಿಯೆಸ್ಟರ್ ಎಷ್ಟು ಅಂತ ತುಂಬಿದವನಿಗೂ ಗೊತ್ತಿರಲ್ಲ.

ಸೀರೆಗೆ ಬರೋಣ. ಇಲ್ಲಿ ‘ಸಿಲ್ಕ್ ಕಾಟನ್’ ಅಂದರೆ ಮರವಲ್ಲ ಮತ್ತೆ! ಅದೇ ಜೋಡಿ ಪದ, ಅರ್ಥ ಬೇರೆ. ಸೀರೆ ಅಂಗಡಿಯಲ್ಲಿ ಅದರ ಅರ್ಥ ರೇಷ್ಮೆ ಎಳೆ ಒಂದು ದಿಕ್ಕಿಗೆ, ಹತ್ತಿ ಎಳೆ ಇನ್ನೊಂದು ದಿಕ್ಕಿಗೆ. ಚಂದೇರಿ, ಮಹೇಶ್ವರಿ ಸೀರೆಗಳಲ್ಲಿ ಸಾಮಾನ್ಯವಾಗಿ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆ, ರೇಷ್ಮೆ; ಹೊಕ್ಕು, ಅಂದರೆ ಅಡ್ಡಕ್ಕೆ ಹೋಗುವ ಎಳೆ, ಹತ್ತಿ. ಆದರೆ ಅದೇ ಹೆಸರಿನಲ್ಲಿ, ಅಥವಾ ಪದ ತಿರುಗಿಸಿ ‘ಕಾಟನ್ ಸಿಲ್ಕ್’ ಅಂತ, ವಿಸ್ಕೋಸ್ ಹಾಕಿದ್ದು, ಪಾಲಿಯೆಸ್ಟರ್ ಹಾಕಿದ್ದು ಧಾರಾಳವಾಗಿ ಬರುತ್ತದೆ. ‘ಆರ್ಟ್ ಸಿಲ್ಕ್’ ಅಂದರೆ ಕಲೆಯಲ್ಲ, ಆರ್ಟಿಫಿಶಿಯಲ್ ಅನ್ನೋದರ ಮೊಟಕು.

ಹಾಗಾಗಿ ಸೀರೆಯಲ್ಲಿ ಒಂದು ಎಳೆ ಸುಟ್ಟು ನೋಡಿ ತೀರ್ಪು ಕೊಡಬೇಡಿ. ಹಾಸಿನದ್ದೊಂದು, ಹೊಕ್ಕಿನದ್ದೊಂದು, ಬೇರೆ ಬೇರೆ ನೋಡಬೇಕು. ಸೆರಗಿನ ತುದಿಯಲ್ಲಿ ನೇತಾಡುವ ದಾರಗಳು ಹಾಸಿನವು, ಅಲ್ಲಿಂದ ಒಂದು. ಬ್ಲೌಸ್ ಪೀಸ್ ಕತ್ತರಿಸಿದ ಅಂಚಿಗೆ ಸಮಾನಾಂತರವಾಗಿ ಬಿಡಿಸಿದರೆ ಬರೋದು ಹೊಕ್ಕು, ಅಲ್ಲಿಂದ ಒಂದು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಲೇಬೇಕು, ಬೆಂಕಿ ತೆಗೆದರೆ ತಾನೇ ಆರಿಬಿಡುತ್ತದೆ, ಉಳಿದ ಕಪ್ಪು ಉಂಡೆ ಬೆರಳಲ್ಲಿ ಪುಡಿಯಾಗುತ್ತದೆ. ಗಟ್ಟಿ ಮಣಿ ಬಂದರೆ ಪಾಲಿಯೆಸ್ಟರ್. ಕಾಗದದ ವಾಸನೆ ಎರಡೂ ಕಡೆ ಬಂದರೆ ‘ಸಿಲ್ಕ್’ ಅನ್ನೋದು ಬರೀ ಮಾತು.

ಸೆರಗಿನ ದಾರದ ಉಪಾಯ ಇಳಕಲ್ ಸೀರೆಗೆ ನಡೆಯುವುದಿಲ್ಲ. ಇಳಕಲ್‌ನವರು ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಕೊಂಡಿ ಹಾಕಿ ಎಳೆಗೆ ಎಳೆ ಸೇರಿಸುತ್ತಾರೆ. ಮೈ ಹತ್ತಿ, ಸೆರಗು ರೇಷ್ಮೆ ಇರಬಹುದು. ಸೆರಗಿನ ದಾರ ಸುಟ್ಟು ‘ಅಪ್ಪಟ ರೇಷ್ಮೆ’ ಅಂತ ಖುಷಿಪಟ್ಟವರೂ ಇದ್ದಾರೆ. ಅಲ್ಲೇ ‘ಚಮಕಾ’ ಅನ್ನೋ ಬಗೆಯೂ ಇದೆ, ಅದರ ಹೊಳಪು ರೇಯಾನಿನದು. ನೇಕಾರರು ಇದನ್ನು ಮುಚ್ಚಿಡೋದಿಲ್ಲ, ಕೇಳಿದರೆ ಹೇಳುತ್ತಾರೆ. ಮುಚ್ಚಿಡೋದು ನಡುವಿನ ಕೈಗಳು.

ನಿಮ್ಮ ಸೀರೆ ಹೊಳೆಯುತ್ತದೆ ಅಂತ ಮಾತ್ರ ಅತ್ತೆ ಹತ್ತಿ ಅಲ್ಲ ಅಂದಿದ್ದರೆ, ಅದು ಸಾಕ್ಷಿ ಸಾಲದು. ಮರ್ಸರೈಸ್ ಮಾಡಿದ ಹತ್ತಿಯೂ ಹೊಳೆಯುತ್ತದೆ. ಜಾನ್ ಮರ್ಸರ್ ಅನ್ನೋ ಇಂಗ್ಲೆಂಡಿನ ಮನುಷ್ಯ 1844ರಲ್ಲಿ ಹತ್ತಿ ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಅದು ಕುಗ್ಗಿ ಗಟ್ಟಿಯಾಗುತ್ತದೆ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ ಅಂತ ಕಂಡುಕೊಂಡ, 1850ರಲ್ಲಿ ಪೇಟೆಂಟ್ ತೆಗೆದುಕೊಂಡ. ಕುಗ್ಗುವ ಬಟ್ಟೆ ಯಾರಿಗೆ ಬೇಕು? ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. 1890ರಲ್ಲಿ ಹೊರೇಸ್ ಲೋ ಅನ್ನುವವನು ಅದ್ದುವಾಗ ಬಟ್ಟೆಯನ್ನು ಕುಗ್ಗಲು ಬಿಡದೆ ಬಿಗಿಯಾಗಿ ಎಳೆದು ಹಿಡಿದ, ನಾರು ಉಬ್ಬಿ ದುಂಡಗಾಗಿ ರೇಷ್ಮೆಯಂಥ ಹೊಳಪು ಬಂತು. ಆ ಹೊಳಪು ಒಗೆದರೂ ಹೋಗೋದಿಲ್ಲ, ಮತ್ತು ಅದು ನೂರಕ್ಕೆ ನೂರು ಹತ್ತಿಯೇ. ಅಂಗಡಿಯ ಗಂಜಿ, ಇಸ್ತ್ರಿಯ ಹೊಳಪು ಮಾತ್ರ ಮೊದಲ ನೀರಿಗೇ ಇಳಿದುಹೋಗುತ್ತದೆ. ಒಂದು ಮೂಲೆ ಒದ್ದೆ ಮಾಡಿ ಒಣಗಿಸಿ ನೋಡಿ, ತಿಳಿಯುತ್ತದೆ.

80 ಕೌಂಟ್, 100 ಕೌಂಟ್ ಅಂತ ಸೀರೆಯವರು ಹೇಳುವುದು ಬೆಡ್‌ಶೀಟಿನ ಕೌಂಟ್ ಅಲ್ಲ, ನೂಲಿನ ನಂಬರ್. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೆ ಅನ್ನೋದು ಆ ನಂಬರ್. 40 ಅಂದರೆ ದಪ್ಪ, ಗಟ್ಟಿಮುಟ್ಟು. 100 ಅಂದರೆ ಸಣ್ಣ, ತೆಳು, ನಾಜೂಕು. ದಿನಾ ಉಡೋದಕ್ಕೆ 100ರ ಬೆನ್ನು ಹತ್ತಬೇಡಿ. ಬ್ಲೌಸಿನ ‘ಟು ಬೈ ಟು’ ರುಬಿಯಾದಲ್ಲಿ ಹಾಸೂ ಹೊಕ್ಕೂ ಎರಡೆರಡು ಎಳೆ ಹೊಸೆದ ದಾರ ಅಂತ ಅರ್ಥ, ಹತ್ತಿ ಎಷ್ಟು ಅಂತ ಅದು ಹೇಳೋದಿಲ್ಲ. ‘ಹ್ಯಾಂಡ್‌ಲೂಮ್ ಮಾರ್ಕ್’ ಕೂಡ ಅಷ್ಟೆ, ಕೈಮಗ್ಗ ಅಂತ ಖಾತ್ರಿ, ಹತ್ತಿ ಅಂತಲ್ಲ. ಖಾದಿ ಅಂದರೆ ನೂಲೂ ಕೈಯಲ್ಲಿ ತೆಗೆದಿರಬೇಕು, ನೇಯ್ಗೆಯೂ ಕೈಯದಾಗಿರಬೇಕು. ಅದೂ ರೇಷ್ಮೆಯಲ್ಲಿರಬಹುದು, ಉಣ್ಣೆಯಲ್ಲಿರಬಹುದು.

ಮೆಡಿಕಲ್ ಶಾಪಿನ ರೋಲ್. ಅತ್ತೆಗೆ ಇದು ಹತ್ತಿ ಅಲ್ಲ ಅನ್ನಿಸಿದ್ದು ಯಾಕೆ ಅಂತ ಊಹಿಸಬಲ್ಲೆ. ಅತಿ ಬಿಳುಪು, ಮುಟ್ಟಿದರೆ ಕಿರಿಕಿರಿ, ಅರಳೆಯ ಜಿಡ್ಡು ಇಲ್ಲ. ಹೊಲದಿಂದ ಬಂದ ಹತ್ತಿಗೆ ಮೇಣದ ತೆಳು ಲೇಪ ಇರುತ್ತದೆ. ಆಸ್ಪತ್ರೆಗೆ ಬೇಕಾದ್ದು ರಕ್ತ ಹೀರುವ ಹತ್ತಿ, ಅದಕ್ಕೆ ಕ್ಷಾರದಲ್ಲಿ ಕುದಿಸಿ ಮೇಣ ತೆಗೆದು ಬ್ಲೀಚ್ ಮಾಡುತ್ತಾರೆ. ಮೇಣ ಹೋದ ಮೇಲೆ ಉಳಿಯೋದು ಬಹುಪಾಲು ಶುದ್ಧ ಸೆಲ್ಯುಲೋಸ್. ಎರಡು ಲೋಟ ನೀರು ಇಡಿ. ಒಂದಕ್ಕೆ ಗ್ರಂದಿಗೆ ಅಂಗಡಿಯ ಅರಳೆ, ಇನ್ನೊಂದಕ್ಕೆ ಮೆಡಿಕಲ್ ಕಾಟನ್, ಮೆಲ್ಲಗೆ ಮೇಲೆ ಬಿಡಿ, ಒತ್ತಬೇಡಿ. ಅರಳೆ ತೇಲುತ್ತಾ ಕೂರುತ್ತದೆ. ಮೆಡಿಕಲ್‌ದು ಒಂದೇ ಕ್ಷಣ ಯೋಚಿಸಿ ಮುಳುಗುತ್ತದೆ. ಔಷಧ ಶಾಸ್ತ್ರದ ನಿಯಮದಲ್ಲಿ ಅದು 10 ಸೆಕೆಂಡಿನೊಳಗೆ ಮುಳುಗಬೇಕು, ಒಂದು ಗ್ರಾಂ ಹತ್ತಿ ಕನಿಷ್ಠ 23 ಗ್ರಾಂ ನೀರು ಹಿಡಿಯಬೇಕು. ಮುಳುಗದೆ ತೇಲಿದರೆ ಗಾಯಕ್ಕೆ ಬಳಸಬೇಡಿ.

ಬತ್ತಿಗೆ ಅದು ಆಗುತ್ತದೆ, ಎಣ್ಣೆ ಚೆನ್ನಾಗಿಯೇ ಹೀರುತ್ತದೆ. ಗೆಜ್ಜೆವಸ್ತ್ರಕ್ಕೆ ಮಾತ್ರ ಅರಳೆಯೇ ವಾಸಿ, ಹೊಸೆಯಲು ನಾರು ಉದ್ದ ಇರಬೇಕು, ಮೆಡಿಕಲ್ ಕಾಟನ್ನಿನ ನಾರು ಸಾಮಾನ್ಯವಾಗಿ ಗಿಡ್ಡ. ಗಿಡ್ಡ ಯಾಕೆ ಅನ್ನೋದೂ ಸ್ವಾರಸ್ಯ. ಒಳ್ಳೆಯ ಬನಿಯನ್ ಮೇಲೆ ‘ಕೋಂಬ್ಡ್ ಕಾಟನ್’ ಅಂತ ಇರುತ್ತದಲ್ಲ, ಹತ್ತಿಯನ್ನು ಬಾಚಿ ಗಿಡ್ಡ ನಾರನ್ನು ತೆಗೆದುಹಾಕಿದ್ದು ಅಂತ ಅರ್ಥ. ಆ ಬಾಚಿ ತೆಗೆದ ಗಿಡ್ಡ ನಾರು ಕಸಕ್ಕೆ ಹೋಗುವುದಿಲ್ಲ. ಒಂದಿಷ್ಟು ಆಸ್ಪತ್ರೆಯ ಹತ್ತಿಯಾಗುತ್ತದೆ, ಒಂದಿಷ್ಟು ನೋಟಿನ ಕಾಗದವಾಗುತ್ತದೆ. ನಮ್ಮ ನೋಟು ಮರದ ತಿರುಳಿನ ಕಾಗದವಲ್ಲ, ಪೂರ್ತಿ ಹತ್ತಿಯದು, ಅದರ ಕಾಗದದ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇದೆ. ಪ್ಯಾಂಟಿನ ಜೇಬಿನಲ್ಲಿ ಮರೆತು ವಾಷಿಂಗ್ ಮಷಿನ್ನಿಗೆ ಹೋದ ನೋಟು ಹಿಟ್ಟಾಗದೆ ವಾಪಸ್ ಬರೋದು ಇದಕ್ಕೇ. ಬನಿಯನ್, ಬ್ಯಾಂಡೇಜ್, ನೂರರ ನೋಟು ಒಂದೇ ಮೂಟೆಯಿಂದ ಬಂದಿರಬಹುದು.

ಉದ್ದ ಗಿಡ್ಡದ ಈ ಲೆಕ್ಕದಲ್ಲಿ ನಮ್ಮ ಧಾರವಾಡಕ್ಕೆ ದೊಡ್ಡ ಹೆಸರಿದೆ. ಅಲ್ಲಿನ ಸಂಶೋಧಕರು 1972ರಲ್ಲಿ ಕೊಟ್ಟ ‘ವರಲಕ್ಷ್ಮಿ’ ಅಮೆರಿಕನ್ ಜಾತಿಗೂ ಈಜಿಪ್ಟ್ ಜಾತಿಗೂ ಕೂಡಿಸಿದ ಉದ್ದ ನಾರಿನ ಹೈಬ್ರಿಡ್, ಆಮೇಲೆ ‘ಡಿ.ಸಿ.ಎಚ್.–32’ ಬಂತು. ಅವು ಸಣ್ಣ ನೂಲಿಗೆ. ಅದೇ ಧಾರವಾಡದ ‘ಜಯಧರ’ ದೇಸಿ ಹತ್ತಿ, ಗಿಡ್ಡ, ಒರಟು. ಹಾಸಿಗೆಗೆ ಅಂಥ ಒರಟು ಹತ್ತಿಯೇ ಬೇಕು, ಅದು ಬೇಗ ಅಪ್ಪಚ್ಚಿಯಾಗದು. ‘ಈಜಿಪ್ಷಿಯನ್ ಕಾಟನ್ ತುಂಬಿದ ದಿಂಬು’ ಅಂತ ಯಾರಾದರೂ ಜಾಸ್ತಿ ದುಡ್ಡು ಕೇಳಿದರೆ ಒಂದು ನಗೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ನಿಮ್ಮ ಮಗನಿಗೆ: ಇಲ್ಲ ಪುಟ್ಟಾ, ಸೇಂಟ್ ಮಾರ್ಕ್ಸ್ ರಸ್ತೆಯ ಆ ಶಾಲೆಯ ಹೆಸರಿಗೂ ಹತ್ತಿಗೂ ಸಂಬಂಧ ಇಲ್ಲ. ಜಾರ್ಜ್ ಕಾಟನ್ ಅಂತ ಕಲ್ಕತ್ತೆಯ ಬಿಷಪ್ ಒಬ್ಬರಿದ್ದರು, 1865ರಲ್ಲಿ ಶುರುವಾದ ಶಾಲೆಗೆ ಅವರ ಹೆಸರು. ಅದು ಇಂಗ್ಲೆಂಡಿನ ಮನೆತನದ ಹೆಸರು, ಅದರ ಬೇರು ಗುಡಿಸಲು ಅನ್ನೋ ಅರ್ಥದ ಹಳೆಯ ಪದ. ಬಟ್ಟೆಯ ಕಾಟನ್ ಅರಬ್ಬಿಯಿಂದ ಹೋದದ್ದು. ಬೆಂಗಳೂರಿನಲ್ಲಿ ನಿಜವಾದ ಹತ್ತಿಯ ಹೆಸರು ಬೇಕಿದ್ದರೆ ಕಾಟನ್‌ಪೇಟೆಗೆ ಹೋಗು, ಅದರ ಕನ್ನಡ ಹೆಸರು ಅರಳೇಪೇಟೆ. ಮಿನರ್ವ ಮಿಲ್ಸ್, ಬಿನ್ನಿ ಮಿಲ್ಸ್ ಇದ್ದದ್ದು ಆ ಕಡೆಗೇ. ಮಲ್ಲೇಶ್ವರದ ಮಂತ್ರಿ ಮಾಲ್ ಜಾಗದಲ್ಲೂ ಮೊದಲು ರಾಜಾ ಮಿಲ್ ಇತ್ತು. ಇನ್ನು ‘ಕಾಟನ್ ಕ್ಯಾಂಡಿ’, ಅಂದರೆ ನಮ್ಮ ಬಾಂಬೆ ಮಿಠಾಯಿ, ಬರೀ ಸಕ್ಕರೆ. ಬಿಳಿಯದನ್ನೇ ತಿನ್ನು. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದೆ, ಪರೀಕ್ಷೆಯಲ್ಲಿ ರೋಡಮಿನ್–ಬಿ ಅನ್ನೋ ಬಣ್ಣ ಸಿಕ್ಕಿತ್ತು. ಹತ್ತಿ ವ್ಯಾಪಾರಿಗಳ ಹತ್ತಿರ ಮಾತ್ರ ‘ಒಂದು ಕ್ಯಾಂಡಿ ಕಾಟನ್’ ಅಂತ ಕೇಳಬೇಡ. ಅವರ ಲೆಕ್ಕದಲ್ಲಿ ಕ್ಯಾಂಡಿ ಅಂದರೆ 356 ಕೆ.ಜಿ. ಅರಳೆ, ಲಾರಿಯಲ್ಲಿ ಬರುತ್ತದೆ.

ಕೊನೆಗೆ ಬೆಡ್‌ಶೀಟಿನ ಕೆಲಸ ಬಾಕಿ ಇದೆ. ಮೊದಲು ಪ್ಯಾಕೆಟ್ಟಿನ ಹಿಂಬದಿ, ಮೂಲೆಯ ಚೀಟಿ ಸಣ್ಣ ಅಕ್ಷರದಲ್ಲಿ ಓದಿ, ನಾರಿನ ಶೇಕಡಾವಾರು ಅಲ್ಲಿರಬೇಕು. ಅಲ್ಲಿ ಪಾಲಿಯೆಸ್ಟರ್ ಅಂತ ಬರೆದಿದ್ದರೆ ಅಂಗಡಿಯವನ ಜೊತೆ ಜಗಳಕ್ಕೆ ನಿಮ್ಮ ಹತ್ತಿರ ಹೆಚ್ಚು ಬಲ ಇಲ್ಲ, ಬೆಡ್‌ಶೀಟನ್ನು ಸೋಫಾ ಕವರ್ ಮಾಡಿಕೊಳ್ಳಿ, ಒಳ್ಳೇ ಬಾಳಿಕೆ ಬರುತ್ತದೆ. ಚೀಟಿಯಲ್ಲೋ ಬಿಲ್ಲಿನಲ್ಲೋ ‘100% ಕಾಟನ್’ ಅಂತ ಇದ್ದು ಎಳೆ ಕರಗಿ ಮಣಿಯಾದರೆ, ಬಿಲ್ಲು, ಚೀಟಿ, ಆ ಸುಟ್ಟ ಎಳೆ ಮೂರನ್ನೂ ತೆಗೆದುಕೊಂಡು ಹೋಗಿ ಬದಲಾಯಿಸಿಕೊಡಿ ಅಂತ ಕೇಳಿ. ಒಗೆಯುವ ಮೊದಲೇ ಹೋಗಿ, ಒಗೆದ ಮಾಲು ಯಾರೂ ವಾಪಸ್ ತಗೊಳ್ಳಲ್ಲ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಮುಂದಿನ ಸಲ ಪೇಟೆಗೆ ಹೋಗುವಾಗ ಬಿಲ್ಲಿನಲ್ಲಿ ಬರೀ ‘ಕಾಟನ್’ ಅಂತ ಬರೆಸಬೇಡಿ, ನಾರಿನ ಹೆಸರೂ ಶೇಕಡಾ ಎಷ್ಟು ಅನ್ನೋದೂ ಬರೆಸಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ.